ಟ್ರ್ಯಾಕ್ ಲಾಗ್ ಬರೆದಿಡುವುದು, ಬಳಸುವುದು: ಕಪ್ಪತಗುಡ್ಡದಿಂದ ಹೊಲದ ಬದುವಿನ ತನಕ

ಕೈಯಲ್ಲಿ ಹಿಡಿಯುವ ಜಿಪಿಎಸ್ ಕೊಂಡವರಲ್ಲಿ ಬಹಳ ಜನ ಅದನ್ನು ದಾರಿ ತಪ್ಪದಿರಲು ಮಾತ್ರ ಬಳಸುತ್ತಾರೆ. ಆದರೆ ಅದರ ದೊಡ್ಡ ಉಪಯೋಗ ಶುರುವಾಗುವುದು ಮನೆಗೆ ಬಂದ ಮೇಲೆ. ನೀವು ಯಾವ ಹೊತ್ತಿಗೆ ಎಲ್ಲಿದ್ದಿರಿ, ಎಷ್ಟು ಎತ್ತರದಲ್ಲಿದ್ದಿರಿ ಎಂಬುದನ್ನು ಅದು ದಾರಿಯುದ್ದಕ್ಕೂ ತನ್ನ ಪಾಡಿಗೆ ತಾನು ಬರೆದುಕೊಳ್ಳುತ್ತ ಬಂದಿರುತ್ತದೆ. ಇದೇ ಟ್ರ್ಯಾಕ್ ಲಾಗ್. ಕಪ್ಪತಗುಡ್ಡ ಸುತ್ತುವವರಿಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಕ್ಕಿ ನೋಡಲು ಹೋಗುವವರಿಗೆ, ಹೊಲ ಅಳೆಯಬೇಕಾದವರಿಗೆ, ಸೈಕಲ್ ಹತ್ತಿ ಧಾರವಾಡದಿಂದ ಕಲಘಟಗಿ ಕಡೆ ಹೋಗುವವರಿಗೆ ಇದು ತುಂಬಾ ಕೆಲಸಕ್ಕೆ ಬರುತ್ತದೆ. ಒಂದೇ ಷರತ್ತು: ವಾಪಸ್ ಬಂದು ಆ ಲಾಗ್‌ಗೆ ಏನು ಕೇಳಬೇಕು ಎಂಬುದು ಹೊರಡುವ ಮೊದಲೇ ಗೊತ್ತಿರಬೇಕು. ಹೊಲದ ವಿಸ್ತೀರ್ಣ ಬೇಕಾದವರ ಸೆಟ್ಟಿಂಗ್ ಬೇರೆ, ಮೂರು ದಿನದ ಪಾದಯಾತ್ರೆಯ ದಾರಿ ಬೇಕಾದವರ ಸೆಟ್ಟಿಂಗ್ ಬೇರೆ. ಉಪಕರಣ ಬರೆದುಕೊಳ್ಳದೇ ಬಿಟ್ಟ ಬಿಂದುವನ್ನು ಆಮೇಲೆ ಯಾವ ಸಾಫ್ಟ್‌ವೇರ್ ಕೂಡ ತಂದುಕೊಡುವುದಿಲ್ಲ.

ಪರದೆಯ ಮೇಲೆ ಟ್ರ್ಯಾಕ್ ಒಂದು ಗೆರೆಯಂತೆ ಕಾಣುತ್ತದೆ. ಒಳಗೆ ಗೆರೆ ಇರುವುದಿಲ್ಲ, ಬರೀ ಬಿಂದುಗಳಿರುತ್ತವೆ. ಉಪಕರಣವನ್ನು ಕಂಪ್ಯೂಟರಿಗೆ ಜೋಡಿಸಿ, ಟ್ರ್ಯಾಕ್ ಬರೆದಿಟ್ಟ ಜಿಪಿಎಕ್ಸ್ ಫೈಲನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನೋಡಿ. ಒಮ್ಮೆಯಾದರೂ ಇದನ್ನು ಮಾಡಲೇಬೇಕು, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಗದಗದಲ್ಲಿ ಬರೆದ ಒಂದು ಬಿಂದು ಹೆಚ್ಚುಕಡಿಮೆ ಹೀಗಿರುತ್ತದೆ: ಅಕ್ಷಾಂಶ 15.43120, ರೇಖಾಂಶ 75.63480, ಎತ್ತರ 652 ಮೀಟರ್, ಆಮೇಲೆ ತಾರೀಖು ಮತ್ತು ಸಮಯ. ಮುಂದಿನ ಬಿಂದು, ಅದರ ಮುಂದಿನ ಬಿಂದು, ಎಲ್ಲ ಹೀಗೇ ಸಾಲಾಗಿ. ನಮ್ಮ ಭಾಗದಲ್ಲಿ ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 110 ಕಿಲೋಮೀಟರ್. ಹಾಗಾಗಿ ದಶಾಂಶದ ಐದನೇ ಅಂಕಿ ಬದಲಾದರೆ ನೆಲದ ಮೇಲೆ ಒಂದು ಮೀಟರಿನಷ್ಟು ವ್ಯತ್ಯಾಸ. ಕೆಲವು ಫೈಲ್‌ಗಳಲ್ಲಿ ಎಂಟು, ಹತ್ತು ಅಂಕಿ ಇರುತ್ತವೆ. ಅದನ್ನು ನೋಡಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆದಿದೆ ಅಂದುಕೊಳ್ಳಬೇಡಿ. ಬಯಲಲ್ಲಿ, ಆಕಾಶ ಪೂರ್ತಿ ಕಾಣುವ ಕಡೆ, ಇಂಥ ಉಪಕರಣದ ತಪ್ಪು ಸಾಮಾನ್ಯವಾಗಿ 3ರಿಂದ 5 ಮೀಟರ್ ಇರುತ್ತದೆ. ಉಳಿದ ಅಂಕಿಗಳಿಗೆ ಬೆಲೆ ಇಲ್ಲ.

ಇದರ ಜೊತೆ ಬರುವ ಇನ್ನೆರಡು ಪದಗಳು ವೇಪಾಯಿಂಟ್ ಮತ್ತು ರೂಟ್. ವೇಪಾಯಿಂಟ್ ಅಂದರೆ ನೀವೇ ಗುರುತು ಹಾಕಿ ಹೆಸರಿಟ್ಟ ಒಂದು ಜಾಗ. ರೂಟ್ ಅಂದರೆ ಹೋಗಬೇಕು ಅಂತ ಮೊದಲೇ ಹಾಕಿಕೊಂಡ ಯೋಜನೆ. ಟ್ರ್ಯಾಕ್ ಅಂದರೆ ನಿಜವಾಗಿ ಹೋದ ದಾರಿ.

ಸಮಯದ ವಿಷಯಕ್ಕೆ ಬರೋಣ, ಯಾಕಂದರೆ ಜನ ಎಡವುವುದು ಇಲ್ಲೇ. ಫೈಲ್‌ನಲ್ಲಿರುವ ಸಮಯ ನಮ್ಮ ಗಡಿಯಾರದ್ದಲ್ಲ, ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಪರದೆಯ ಮೇಲೆ ಉಪಕರಣ ನಮ್ಮ ಸಮಯವನ್ನೇ ತೋರಿಸುತ್ತದೆ, ಫೈಲ್‌ನಲ್ಲಿ ಮಾತ್ರ ಯುಟಿಸಿ ಬರೆಯುತ್ತದೆ. ಬೆಳಗ್ಗೆ 5:10ಕ್ಕೆ ಗದಗ ಬಿಟ್ಟು ಮಾಗಡಿ ಕಡೆ ಹೊರಟಿರಿ ಅಂತಿಟ್ಟುಕೊಳ್ಳಿ. ಆ ಬಿಂದುವಿನ ಮುಂದೆ 23:40 ಅಂತ ಇರುತ್ತದೆ, ತಾರೀಖು ಹಿಂದಿನ ದಿನದ್ದು. ಬೆಳಗ್ಗೆ ಐದೂವರೆ ದಾಟಿದ ಮೇಲೆ ಬರೆದ ಬಿಂದುಗಳಲ್ಲಿ ಇವತ್ತಿನ ತಾರೀಖು ಬರುತ್ತದೆ. ಒಂದೇ ಪ್ರಯಾಣ, ಫೈಲ್‌ನಲ್ಲಿ ಎರಡು ದಿನ. ಇದು ಉಪಕರಣದ ದೋಷವಲ್ಲ. ಗೊತ್ತಿಲ್ಲದಿದ್ದರೆ ಮಾತ್ರ ಫೈಲ್ ಹಾಳಾಗಿದೆ ಅಂತ ಅಳಿಸಿಬಿಡುವ ಅಪಾಯ ಇದೆ.

ಈಗ ಸೆಟ್ಟಿಂಗ್. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ ಥರದ ಉಪಕರಣಗಳಲ್ಲಿ ಸೆಟಪ್‌ಗೆ ಹೋಗಿ ಟ್ರ್ಯಾಕ್ಸ್ ಒತ್ತಿದರೆ ರೆಕಾರ್ಡ್ ಮೆಥಡ್ ಅಂತ ಸಿಗುತ್ತದೆ. ಅಲ್ಲಿ ಮೂರು ಆಯ್ಕೆ: ಸಮಯ, ದೂರ, ಆಟೋ. ಸಮಯ ಆರಿಸಿದರೆ ಇಷ್ಟು ಸೆಕೆಂಡಿಗೊಂದು ಬಿಂದು. ದೂರ ಆರಿಸಿದರೆ ಇಷ್ಟು ಮೀಟರಿಗೊಂದು. ಆಟೋದಲ್ಲಿ ಉಪಕರಣವೇ ತೀರ್ಮಾನ ಮಾಡುತ್ತದೆ. ನೇರ ದಾರಿಯಲ್ಲಿ ಬಿಂದು ಕಡಿಮೆ, ತಿರುವು ಬಂದಲ್ಲಿ ಜಾಸ್ತಿ. ಆಟೋದಲ್ಲೂ ಎಷ್ಟು ದಟ್ಟವಾಗಿ ಬರೆಯಬೇಕು ಎಂಬುದಕ್ಕೆ ಐದು ಹಂತ ಇರುತ್ತವೆ.

ಯಾವುದು ಒಳ್ಳೆಯದು? ಲೆಕ್ಕ ಹಾಕಿದರೆ ತಾನೇ ಗೊತ್ತಾಗುತ್ತದೆ. ಇಟ್ರೆಕ್ಸ್ 20, 30ರಲ್ಲಿ ಚಾಲ್ತಿ ಟ್ರ್ಯಾಕ್‌ಗೆ (ಈಗ ಬರೆಯುತ್ತಿರುವ ಟ್ರ್ಯಾಕ್) 10,000 ಬಿಂದು ಹಿಡಿಸುತ್ತವೆ. ಸೆಕೆಂಡಿಗೊಂದು ಬರೆದರೆ 2 ಗಂಟೆ 46 ನಿಮಿಷಕ್ಕೆ ಅಷ್ಟೂ ಮುಗಿಯಿತು. 5 ಸೆಕೆಂಡಿಗೊಂದು ಬರೆದರೆ ಸುಮಾರು 14 ಗಂಟೆ ಬರುತ್ತದೆ. 10 ಸೆಕೆಂಡಿಗೊಂದಾದರೆ ಒಂದು ದಿನ ದಾಟಿ 27 ಗಂಟೆಗಿಂತ ಜಾಸ್ತಿ. ಇನ್ನೊಂದು ಕಡೆಯಿಂದಲೂ ನೋಡಬೇಕು. ನಡೆಯುವವರು 10 ಸೆಕೆಂಡಿನಲ್ಲಿ 12–13 ಮೀಟರ್ ಹೋಗುತ್ತಾರೆ. ಕಾಲುದಾರಿ ಗುರುತಿಸಲು ಅಷ್ಟು ಸಾಕು. ಗಂಟೆಗೆ 18 ಕಿಲೋಮೀಟರ್ ವೇಗದ ಸೈಕಲ್ ಅದೇ 10 ಸೆಕೆಂಡಿನಲ್ಲಿ 50 ಮೀಟರ್ ಹೋಗುತ್ತದೆ. ಆ 50 ಮೀಟರ್ ಒಳಗೆ ರಸ್ತೆ ತಿರುಗಿ ಮತ್ತೆ ನೇರವಾಗಿದ್ದರೂ ಲಾಗ್‌ಗೆ ಅದು ಗೊತ್ತಾಗುವುದಿಲ್ಲ. ತಿರುವನ್ನು ಅಡ್ಡ ಹಾಯ್ದು ನೇರ ಗೆರೆ ಎಳೆದುಬಿಡುತ್ತದೆ. ಒಟ್ಟು ದೂರ ಕಡಿಮೆ ಬರುತ್ತದೆ.

ನನ್ನ ಅಭಿಪ್ರಾಯ ಹೇಳುವುದಾದರೆ, ಸಾದಾ ಸುತ್ತಾಟಕ್ಕೆ ಆಟೋ ಸಾಕು, ಹಂತ ಮಾತ್ರ ಒಂದು ಮೆಟ್ಟಿಲು ದಟ್ಟದ ಕಡೆಗೆ ಇಡಿ. ಅಳತೆಯ ಕೆಲಸಕ್ಕೆ ಮತ್ತು ಫೋಟೋಗಳ ಜೊತೆ ಹೊಂದಿಸುವ ಕೆಲಸಕ್ಕೆ ಸಮಯವನ್ನೇ ಆರಿಸಿ. ಆಟೋದಲ್ಲಿ ನೇರ ದಾರಿಯ ಬಿಂದುಗಳ ನಡುವೆ ನಿಮಿಷಗಟ್ಟಲೆ ಖಾಲಿ ಬಿಡಬಹುದು. ಆ ಖಾಲಿ ಹೊತ್ತಿನಲ್ಲಿ ನೀವು ನಿಂತಿದ್ದಿರೋ, ನಿಧಾನ ಹೋದಿರೋ ಅಂತ ಆಮೇಲೆ ತಿಳಿಯುವುದಿಲ್ಲ.

ಚಾಲ್ತಿ ಟ್ರ್ಯಾಕ್ ತುಂಬಿದರೆ ಏನಾಗುತ್ತದೆ? ಹಳೆಯ ಮಾಡೆಲ್‌ಗಳಲ್ಲಿ ಮೊದಲು ಬರೆದ ಬಿಂದುಗಳ ಮೇಲೆಯೇ ಹೊಸದು ಬರೆಯುತ್ತಿತ್ತು. ಸಂಜೆ ನೋಡಿದರೆ ಬೆಳಗಿನ ದಾರಿ ಮಾಯ. ಅವುಗಳಲ್ಲಿ ಇನ್ನೊಂದು ತೊಂದರೆಯೂ ಇತ್ತು: ಟ್ರ್ಯಾಕ್ ಸೇವ್ ಮಾಡಿದರೆ ಬಿಂದುಗಳ ಸಂಖ್ಯೆ ತಗ್ಗುತ್ತಿತ್ತು, ಸಮಯ ಪೂರ್ತಿ ಹೋಗಿಬಿಡುತ್ತಿತ್ತು. ಸೆಕೆಂಡ್ ಹ್ಯಾಂಡ್ ಉಪಕರಣ ಕೊಳ್ಳುವವರು ಇದನ್ನು ನೆನಪಿಡಿ. ಅಂಥದ್ದರಲ್ಲಿ ಸೇವ್ ಮಾಡದೆ, ಚಾಲ್ತಿ ಲಾಗನ್ನೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಈಗಿನವುಗಳಲ್ಲಿ ಚಾಲ್ತಿ ಟ್ರ್ಯಾಕನ್ನು ತಾನೇ ಬೇರೆ ಫೈಲಾಗಿ ತೆಗೆದಿಡುವ ಆಟೋ ಆರ್ಕೈವ್ ಇದೆ. ತುಂಬಿದಾಗ, ದಿನಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ ಅಂತ ಆರಿಸಬಹುದು. ದಿನಕ್ಕೊಮ್ಮೆ ಅಂತ ಇಡಿ, ಒಂದೊಂದು ದಿನಕ್ಕೆ ಒಂದೊಂದು ಫೈಲ್ ಸಿಗುತ್ತದೆ. ಗಾರ್ಮಿನ್ ಫೋಲ್ಡರ್‌ನ ಒಳಗೆ ಜಿಪಿಎಕ್ಸ್, ಅದರ ಒಳಗೆ ಆರ್ಕೈವ್ ಫೋಲ್ಡರ್ ನೋಡಿ. ಸಿಗಲಿಲ್ಲ ಅಂತ ಬಿಟ್ಟ ಟ್ರ್ಯಾಕ್ ಬಹಳ ಸಲ ಅಲ್ಲೇ ಇರುತ್ತದೆ.

ಹೊರಡುವಾಗ ಒಂದೆರಡು ನಿಮಿಷ ಬಯಲಲ್ಲಿ ನಿಲ್ಲಿ. ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿವೆ. ಪ್ರತಿಯೊಂದೂ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಅದನ್ನು ಪೂರ್ತಿ ಕೇಳಿಸಿಕೊಳ್ಳುವ ಮೊದಲು ನಡೆಯಲು ಶುರು ಮಾಡಿದರೆ ಮೊದಲ ಬಿಂದುಗಳು ಪಕ್ಕದ ಓಣಿಯಲ್ಲಿ ಬೀಳುತ್ತವೆ. ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಲಿನ ಇಕ್ಕಟ್ಟು ಓಣಿಗಳಲ್ಲಿ ಕಾದರೂ ಅಷ್ಟೇ. ಸಿಗ್ನಲ್ ಗೋಡೆಗೆ ಬಡಿದು ತಡವಾಗಿ ಬರುತ್ತದೆ, ಉಪಕರಣ ಆ ತಡವನ್ನು ದೂರ ಅಂತ ಲೆಕ್ಕ ಹಿಡಿಯುತ್ತದೆ, ಗೆರೆ ಅಂಗಡಿಗಳ ಒಳಗೆಲ್ಲ ಹೊಕ್ಕು ಬರುತ್ತದೆ. ಬ್ಯಾಗಿನ ತಳದಲ್ಲಿ ಇಡಬೇಡಿ, ಹೆಗಲ ಪಟ್ಟಿಗೆ ಸಿಕ್ಕಿಸಿ. ಬ್ಯಾಟರಿ ಯಾವ ಬಗೆಯದು ಅಂತಲೂ ಸೆಟ್ಟಿಂಗ್‌ನಲ್ಲಿ ಹೇಳಿ. ಇಲ್ಲದಿದ್ದರೆ ಎಷ್ಟು ಚಾರ್ಜ್ ಉಳಿದಿದೆ ಅಂತ ತೋರಿಸುವ ಗುರುತನ್ನು ನಂಬಲಾಗುವುದಿಲ್ಲ.

ನಿಂತಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಮುಂಡರಗಿಯಲ್ಲಿ ಅರ್ಧ ಗಂಟೆ ಕೂತು ಚಹಾ, ಗಿರ್ಮಿಟ್ ಮುಗಿಸಿ ಎದ್ದಿರಿ. ಲಾಗ್‌ನಲ್ಲಿ ಆ ಜಾಗ ಸಿಕ್ಕುಗಟ್ಟಿದ ನೂಲಿನ ಉಂಡೆಯ ಥರ ಕಾಣುತ್ತದೆ. ನೀವು ಅಲ್ಲಾಡಿಲ್ಲ, ಆದರೆ ಪ್ರತಿ ಬಿಂದುವೂ ಒಂದೆರಡು ಮೀಟರ್ ಆಚೀಚೆ ಬಿದ್ದಿದೆ. ಸಾಫ್ಟ್‌ವೇರ್ ಅದನ್ನೆಲ್ಲ ನಡೆದ ದೂರ ಅಂತ ಕೂಡಿಸುತ್ತದೆ. ತಿರುವಿನಲ್ಲಿ ದೂರ ಕಡಿಮೆ, ನಿಂತಲ್ಲಿ ದೂರ ಜಾಸ್ತಿ. ಹಾಗಾಗಿ ಇಬ್ಬರು ಒಟ್ಟಿಗೆ ನಡೆದರೂ ಎರಡು ಉಪಕರಣಗಳ ಒಟ್ಟು ಕಿಲೋಮೀಟರ್ ಒಂದೇ ಬರುವುದಿಲ್ಲ. ದೀರ್ಘ ವಿಶ್ರಾಂತಿಗೆ ರೆಕಾರ್ಡಿಂಗ್ ನಿಲ್ಲಿಸಬಹುದು, ಆದರೆ ಮತ್ತೆ ಶುರು ಮಾಡುವುದು ಮರೆತರೆ ಉಳಿದ ದಾರಿಯೇ ಹೋಯಿತು. ನಿಲ್ಲಿಸದೆ ಬಿಟ್ಟು, ಆ ಉಂಡೆಯನ್ನು ಮನೆಯಲ್ಲಿ ಅಳಿಸುವುದೇ ವಾಸಿ. ನಿಮ್ಮ ಉಪಕರಣ ಎಷ್ಟು ನಂಬಿಕಸ್ಥ ಅಂತ ನೋಡಬೇಕಿದ್ದರೆ 400 ಮೀಟರಿನ ಓಟದ ಮೈದಾನಕ್ಕೆ ಹೋಗಿ, ಒಳಗಿನ ಲೇನಿನಲ್ಲಿ ಕೆಲವು ಸುತ್ತು ಹಾಕಿ. ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ಅಳತೆ ಅದು.

ಎತ್ತರದ ಅಂಕಿಯನ್ನು ಅರ್ಧ ನಂಬಿ. ಉಪಗ್ರಹಗಳಿಂದ ಸಿಗುವ ಎತ್ತರ ಅಡ್ಡ ಅಳತೆಗಿಂತ ಒರಟು, ಯಾಕಂದರೆ ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲೆಯೇ ಇರುತ್ತವೆ, ಕಾಲ ಕೆಳಗೆ ಒಂದೂ ಕಾಣುವುದಿಲ್ಲ. ಅದಕ್ಕೇ ಕೆಲವು ಮಾಡೆಲ್‌ಗಳಲ್ಲಿ ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ ಬ್ಯಾರೋಮೀಟರ್ ಇಟ್ಟಿರುತ್ತಾರೆ. ಏರಿಳಿತ ತೋರಿಸುವುದರಲ್ಲಿ ಅದು ಬಹಳ ಚೆನ್ನ. ಆದರೆ ನಮ್ಮ ಕಡೆ ಬೆಳಗ್ಗೆ ಸುಮಾರು ಹತ್ತರಿಂದ ಸಂಜೆ ನಾಲ್ಕರ ತನಕ ಗಾಳಿಯ ಒತ್ತಡ ದಿನವೂ ಕೆಲವು ಮಿಲಿಬಾರ್ ಇಳಿಯುತ್ತದೆ. ಒಂದು ಮಿಲಿಬಾರ್ ಇಳಿದರೆ ಉಪಕರಣಕ್ಕೆ ಎಂಟೊಂಬತ್ತು ಮೀಟರ್ ಮೇಲೆ ಹೋದಂತೆ. ಸರಿಪಡಿಸದೆ ಬಿಟ್ಟರೆ, ನೀವು ಕೂತಲ್ಲೇ ಕೂತಿದ್ದರೂ ಸಂಜೆಯ ಹೊತ್ತಿಗೆ ಇಪ್ಪತ್ತು ಮೀಟರ್ ಏರಿದಂತೆ ತೋರಿಸಬಹುದು. ಗೊತ್ತಿರುವ ಎತ್ತರದ ಜಾಗದಲ್ಲಿ ಕ್ಯಾಲಿಬ್ರೇಟ್ ಮಾಡಿಕೊಂಡು, ಅಂದರೆ ಆ ಎತ್ತರವನ್ನು ಉಪಕರಣಕ್ಕೆ ಹೇಳಿಕೊಟ್ಟು, ಹೊರಡಿ. ಆ ಎತ್ತರ ಎಲ್ಲಿ ಸಿಗುತ್ತದೆ ಅಂದರೆ, ರೈಲು ನಿಲ್ದಾಣದ ಹಳದಿ ಫಲಕದಲ್ಲಿ. ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಅಂತ ಬರೆದಿರುತ್ತಾರೆ. ಹುಬ್ಬಳ್ಳಿ, ಗದಗ, ಹಾವೇರಿ, ಎಲ್ಲಿಂದ ಹೊರಟರೂ ಅದು ಕಣ್ಣೆದುರೇ ಇದೆ.

ಹೊಲದ ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ನಮ್ಮ ಭಾಗದಲ್ಲಿ ಈ ಉಪಕರಣವನ್ನು ಜನ ಜಾಸ್ತಿ ಕೇಳುವುದೇ ಇದಕ್ಕೆ. ಬದು ಹಿಡಿದು ಒಂದು ಸುತ್ತು ಬಂದರೆ ಉಪಕರಣದಲ್ಲಿರುವ ಏರಿಯಾ ಕ್ಯಾಲ್ಕುಲೇಶನ್ ಎಂಬ ಆಯ್ಕೆ ವಿಸ್ತೀರ್ಣ ಹೇಳುತ್ತದೆ. 2000ದ ಮೇ 2ರ ತನಕ ಇದು ಸಾಧ್ಯವೇ ಇರಲಿಲ್ಲ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಸಿಗ್ನಲ್‌ಗೆ ಬೇಕಂತಲೇ ತಪ್ಪು ಬೆರೆಸುತ್ತಿತ್ತು, ನೂರು ಮೀಟರಿನಷ್ಟು ಆಚೀಚೆ ಆಗುತ್ತಿತ್ತು. ಅದನ್ನು ತೆಗೆದ ಮೇಲೆಯೇ ಹೊಲ ಸುತ್ತಿ ಅಳೆಯುವ ಮಾತು ಬಂದದ್ದು.

ಈಗ ಎಷ್ಟು ನಂಬಬಹುದು? ಒಂದು ಎಕರೆಯ ಚೌಕ ಹೊಲ ತೆಗೆದುಕೊಳ್ಳಿ. ಎಕರೆ ಅಂದರೆ 40 ಗುಂಟೆ, ಸುಮಾರು 4047 ಚದರ ಮೀಟರ್. ಒಂದೊಂದು ಬದಿ 63.6 ಮೀಟರ್ ಬರುತ್ತದೆ. ನಾಲ್ಕೂ ಬದಿಯಲ್ಲಿ ಗೆರೆ ಬರೀ ಒಂದು ಮೀಟರ್ ಹೊರಗೆ ಸರಿದರೆ ಬದಿ 65.6 ಆಗುತ್ತದೆ, ವಿಸ್ತೀರ್ಣ 4303 ಚದರ ಮೀಟರ್. ಎರಡೂವರೆ ಗುಂಟೆ ಜಾಸ್ತಿ! ಒಂದು ಮೀಟರ್ ಅಂದರೆ ಎಷ್ಟು? ಬದುವಿನ ಅಗಲ. ಬದುವಿನ ಹೊರ ಅಂಚಿನಲ್ಲಿ ನಡೆದವರಿಗೂ ಒಳ ಅಂಚಿನಲ್ಲಿ ನಡೆದವರಿಗೂ ಲೆಕ್ಕ ಅಷ್ಟು ಬೇರೆಯಾಗುತ್ತದೆ, ಉಪಗ್ರಹದ ತಪ್ಪು ಸೇರುವ ಮೊದಲೇ. ಅದೇ ಹತ್ತು ಎಕರೆಯ ಹೊಲವಾದರೆ ಒಂದು ಮೀಟರಿಗೆ ಎಂಟು ಗುಂಟೆ ವ್ಯತ್ಯಾಸ, ಒಟ್ಟು 400 ಗುಂಟೆಯಲ್ಲಿ ಎಂಟು. ಅಂದರೆ ಹೊಲ ದೊಡ್ಡದಾದಷ್ಟೂ ಅಳತೆ ನಂಬಿಕೆಗೆ ಹತ್ತಿರ. ಎರಡು ಗುಂಟೆ ಪ್ಲಾಟನ್ನು ಇದರಲ್ಲಿ ಅಳೆಯಬಾರದು. ಅದಕ್ಕೆ ಟೇಪೇ ಸರಿ.

ಅಳೆಯುವಾಗ ಸೆಕೆಂಡಿಗೊಂದು ಬಿಂದು ಇರಲಿ. ಎಕರೆ ಹೊಲದ ಸುತ್ತಳತೆ 254 ಮೀಟರ್, ನಾಲ್ಕು ನಿಮಿಷದ ನಡಿಗೆ, ಇನ್ನೂರು ಚಿಲ್ಲರೆ ಬಿಂದು. ಮೆಮೊರಿಯ ಚಿಂತೆಯೇ ಇಲ್ಲ. ಮೂಲೆಗಳಲ್ಲಿ ಕೆಲವು ಸೆಕೆಂಡ್ ನಿಂತು, ವೇಪಾಯಿಂಟ್ ಹಾಕಿ. ಬದುವಿನ ಮೇಲಿನ ಬೇವಿನ ಮರದ ಕೆಳಗೆ ಗೆರೆ ಸೊಟ್ಟಗಾದರೆ ಮೂಲೆಯ ಗುರುತು ನೋಡಿ ಸರಿ ಮಾಡಿಕೊಳ್ಳಬಹುದು. ಬೇರೆ ಹೊತ್ತಿನಲ್ಲಿ ಇನ್ನೊಂದು ಸುತ್ತು ಬನ್ನಿ, ಆಗ ಉಪಗ್ರಹಗಳ ಜಾಗ ಬದಲಾಗಿರುತ್ತದೆ. ಎರಡೂ ಅಳತೆ ಹತ್ತಿರ ಬಂದರೆ ಬೀಜ, ಗೊಬ್ಬರದ ಲೆಕ್ಕಕ್ಕೆ, ಟ್ರ್ಯಾಕ್ಟರ್ ಬಾಡಿಗೆಯ ಲೆಕ್ಕಕ್ಕೆ ಧಾರಾಳವಾಗಿ ಬಳಸಿ. ಹದ್ದಿನ ತಕರಾರಿಗೆ ಮಾತ್ರ ಬಳಸಬೇಡಿ. ಉತಾರದಲ್ಲಿ ಇರುವುದಕ್ಕೂ ಇದಕ್ಕೂ ಒಂದೆರಡು ಗುಂಟೆ ಹೊಂದಲಿಲ್ಲ ಅಂತ ಪಕ್ಕದ ಹೊಲದವರ ಜೊತೆ ಜಗಳಕ್ಕೆ ನಿಲ್ಲುವುದು ಅನ್ಯಾಯ. ಅದಕ್ಕೆ ಹದ್ದುಬಸ್ತು ಅರ್ಜಿ ಕೊಟ್ಟು ಸರ್ವೆಯವರನ್ನೇ ಕರೆಸಬೇಕು.

ಹಕ್ಕಿ ನೋಡುವವರಿಗೆ ಲಾಗ್‌ನ ಉಪಯೋಗ ಬೇರೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿ ಕ್ಯಾಮೆರಾ ಹಿಡಿದು ಒಂದು ಬೆಳಗು ಕಳೆದರೆ ನೂರಾರು ಫೋಟೋ ಆಗುತ್ತವೆ. ಯಾವ ಫೋಟೋ ಯಾವ ದಂಡೆಯಲ್ಲಿ ತೆಗೆದದ್ದು? ಕ್ಯಾಮೆರಾಗೆ ಜಾಗ ಗೊತ್ತಿಲ್ಲ, ಸಮಯ ಗೊತ್ತು. ಲಾಗ್‌ಗೆ ಎರಡೂ ಗೊತ್ತು. ಎರಡನ್ನೂ ಜೋಡಿಸುವ ಸಾಫ್ಟ್‌ವೇರ್ ಬೇಕಾದಷ್ಟಿವೆ. ಎರಡರ ಗಡಿಯಾರ ಹೊಂದಿರಬೇಕು, ಅಷ್ಟೇ. ಅದಕ್ಕೆ ಸುಲಭದ ದಾರಿ: ಜಿಪಿಎಸ್ ಪರದೆಯಲ್ಲಿ ಸೆಕೆಂಡ್ ಸಮೇತ ಗಡಿಯಾರ ತೋರಿಸಿ, ಅದರದೇ ಒಂದು ಫೋಟೋ ತೆಗೆಯಿರಿ. ಕ್ಯಾಮೆರಾ ಎಷ್ಟು ಹಿಂದೆ ಮುಂದೆ ಇದೆ ಅಂತ ಆ ಫೋಟೋದಲ್ಲೇ ಸಿಗುತ್ತದೆ. ಐದೂವರೆ ಗಂಟೆಯ ವ್ಯತ್ಯಾಸವನ್ನೂ ಸಾಫ್ಟ್‌ವೇರ್‌ಗೆ ಹೇಳಿ. ಇಲ್ಲದಿದ್ದರೆ ಕೆರೆಯ ಫೋಟೋಗಳಿಗೆ ದಾರಿಯಲ್ಲಿನ ಬೇರೆ ಯಾವುದೋ ಜಾಗ ಅಂಟಿಕೊಳ್ಳುತ್ತದೆ, ಇಲ್ಲವೇ ಜಾಗವೇ ಸಿಗುವುದಿಲ್ಲ.

ಗುಡ್ಡದಲ್ಲಿ ದಾರಿ ತಪ್ಪಿದಾಗ ಟ್ರ್ಯಾಕ್‌ಬ್ಯಾಕ್ ಕೆಲಸಕ್ಕೆ ಬರುತ್ತದೆ. ಬಂದ ದಾರಿಯನ್ನೇ ಹಿಂದಿನಿಂದ ತೋರಿಸುತ್ತ ಕರೆದುಕೊಂಡು ಹೋಗುತ್ತದೆ. ಕಪ್ಪತಗುಡ್ಡದಲ್ಲಿ ಕಾಲುದಾರಿಗಳು ಕವಲೊಡೆಯುತ್ತಲೇ ಇರುತ್ತವೆ, ಮಳೆಗಾಲದ ಮೋಡ ಇಳಿದರೆ ಗಾಳಿಯಂತ್ರಗಳೂ ಕಾಣುವುದಿಲ್ಲ. ಆಗ ಇದನ್ನು ನಂಬಬಹುದು. ಆದರೆ ಗೆರೆಯ ಮೇಲೆ ಐದು ಮೀಟರ್ ಆಚೀಚೆ ಎಂಬುದನ್ನು ಮರೆಯಬಾರದು. ಇಳಿಜಾರಿನಲ್ಲಿ ಐದು ಮೀಟರ್ ಅಂದರೆ ದಾರಿಯೂ ಆಗಬಹುದು, ಕೊರಕಲೂ ಆಗಬಹುದು. ಗೆರೆ ದಿಕ್ಕು ಹೇಳಲಿ, ಹೆಜ್ಜೆ ಎಲ್ಲಿ ಇಡಬೇಕು ಅಂತ ಕಣ್ಣು ಹೇಳಲಿ. 2019ರಿಂದ ಕಪ್ಪತಗುಡ್ಡ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗಬಾರದು, ಯಾರದೋ ಹಳೆಯ ಟ್ರ್ಯಾಕ್ ಸಿಕ್ಕಿತು ಅಂತ ಅಂತೂ ಹೋಗಲೇಬಾರದು.

ಇದೇ ಕಾರಣಕ್ಕೆ, ನಿಮ್ಮ ಲಾಗನ್ನು ಬೇರೆಯವರಿಗೆ ಕೊಡುವ ಮೊದಲು ಒಮ್ಮೆ ತೆರೆದು ನೋಡಿ. ಅದರ ಮೊದಲ ಬಿಂದು ನಿಮ್ಮ ಮನೆ ಬಾಗಿಲು, ಎಷ್ಟು ಹೊತ್ತಿಗೆ ಮನೆ ಬಿಟ್ಟಿರಿ ಎಂಬುದೂ ಅಲ್ಲೇ ಇದೆ. ಎರಡೂ ತುದಿಯನ್ನು ಕತ್ತರಿಸಿ ಕೊಡಿ. ಕತ್ತೆಕಿರುಬ, ತೋಳದ ಗುಹೆ, ಹಕ್ಕಿಗಳು ಗೂಡು ಕಟ್ಟಿದ ಜಾಗ ಇರುವ ಭಾಗವನ್ನು ಪೂರ್ತಿ ತೆಗೆದುಬಿಡಿ. ಇದರಲ್ಲಿ ರಾಜಿ ಬೇಡ. ಗೆರೆ ಒಂದು ಸಲ ಹೊರಗೆ ಹೋದರೆ ಯಾರ ಕೈ ಸೇರುತ್ತದೆ ಅಂತ ನಮಗೆ ಗೊತ್ತಾಗುವುದಿಲ್ಲ, ಪ್ರಾಣಿಗಳಿಗೆ ಮನೆ ಬದಲಿಸುವುದು ಸುಲಭವಲ್ಲ.

ಹಂಚಲೇಬೇಕಾದ ಲಾಗ್‌ಗಳೂ ಇವೆ. ನವಲಗುಂದ, ಕುಂದಗೋಳ ಕಡೆಯ ಎರೆ ಭೂಮಿಯಲ್ಲಿ ಹೊಲಗಳಿಗೆ ಹೋಗುವ ಬಂಡಿ ದಾರಿಗಳು ಎಷ್ಟೋ ನಕ್ಷೆಗಳಲ್ಲಿ ಇಲ್ಲ. ಬೆಣ್ಣೆಹಳ್ಳ ಉಕ್ಕಿದಾಗ ಯಾವ ದಾರಿ ಮುಚ್ಚುತ್ತದೆ, ಯಾವುದು ಉಳಿಯುತ್ತದೆ ಅಂತ ಊರಿನವರಿಗೆ ಮಾತ್ರ ಗೊತ್ತು. ಇಂಥ ದಾರಿಗಳನ್ನು, ಜನರೇ ಸೇರಿ ಬಿಡಿಸುವ ಇಂಟರ್ನೆಟ್ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಯಾರು ಬೇಕಾದರೂ ಸೇರಿಸಬಹುದು. ಹಾದುಹೋದ ಲಾಗನ್ನು ಅಪ್‌ಲೋಡ್ ಮಾಡಿ, ಅದನ್ನು ಕೆಳಗಿಟ್ಟುಕೊಂಡು ಮೇಲೆ ದಾರಿ ಬಿಡಿಸಬೇಕು. ಒಬ್ಬರ ಒಂದು ಲಾಗ್‌ಗಿಂತ ಒಂದೇ ದಾರಿಯ ನಾಲ್ಕೈದು ಲಾಗ್ ಇದ್ದರೆ ಒಳ್ಳೆಯದು. ಗೆರೆಗಳು ದಟ್ಟವಾಗಿ ಸೇರಿದ ಕಡೆ ನಿಜವಾದ ದಾರಿ ಇರುತ್ತದೆ. ಅಪ್‌ಲೋಡ್ ಮಾಡುವ ಫೈಲ್‌ನಲ್ಲಿ ಸಮಯ ಇರಲೇಬೇಕು, ಸಮಯವಿಲ್ಲದ ಬಿಂದುಗಳನ್ನು ಅದು ತೆಗೆದುಕೊಳ್ಳುವುದಿಲ್ಲ. ಸಮಯ ಎಲ್ಲರಿಗೂ ಕಾಣುವುದು ಬೇಡ ಅನ್ನುವವರು ಪ್ರೈವೇಟ್ ಅಂತ ಆರಿಸಿ. ಆಗ ಬಿಂದುಗಳು ಹೆಸರಿಲ್ಲದೆ, ಕ್ರಮವಿಲ್ಲದೆ ಮಾತ್ರ ಉಳಿದವರಿಗೆ ಸಿಗುತ್ತವೆ. ದಾರಿ ಬಿಡಿಸಲು ಅಷ್ಟು ಸಾಕು.